ಬೊಂತೆಯ ಮೇಲಣ ಹೂಗಳು

ಧನುರ್ಮಾಸದ ಬೆಳಗಿನ ಜಾವದಲ್ಲಿ ಮಧುಗಿರಿ, ಸಿರಾ, ಪಾವಗಡಗಳ ಬಯಲಿನ ಮೇಲೆ ಬೀಸುವ ಒಣಚಳಿಯನ್ನು ಬಲ್ಲವರಿಗೆ ಹೊದಿಕೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಈ ಸೀಮೆಯಲ್ಲಿ ಕುರುಬರ ಮಗ್ಗದಿಂದ ಇಳಿದ ಕಂಬಳಿಯು ಹೊಲಕ್ಕೂ ಹಟ್ಟಿಗೂ ಒಡನಾಡಿಯಾದರೆ, ಮನೆಯೊಳಗೆ ಮಕ್ಕಳಿಗೂ ಮುದುಕರಿಗೂ ಬಾಣಂತಿಯರಿಗೂ ಮೆತ್ತನೆಯ ಆಶ್ರಯವಾಗಿ ಬಂದಿರತಕ್ಕದ್ದು ಹಳೆಯ ಸೀರೆ ಪಂಚೆಗಳನ್ನು ಒಂದರ ಮೇಲೊಂದಾಗಿ ಹಾಸಿ ಹೊಲಿದ ಬೊಂತೆ. ನಮ್ಮ ಬಲಸಮುದ್ರದ ಕಡೆ ಬೊಂತೆಯೆಂಬ ಮಾತೇ ರೂಢಿ. ಗಡಿಯಾಚೆಯ ತೆಲುಗರೂ ಬೊಂತ ಎಂದೇ ಕರೆಯುತ್ತಾರೆ. ಧಾರವಾಡ, ವಿಜಯಪುರಗಳ ಕಡೆಗೆ ಹೋದರೆ ಅದೇ ವಸ್ತುವಿಗೆ ಕೌದಿಯೆಂದು ಹೆಸರು.

ಬೊಂತೆಯನ್ನು ಹೊಲಿಯುವ ಬಗೆಯು ಬಹುಮಂದಿ ಗೃಹಿಣಿಯರಿಗೆ ತಿಳಿದೇ ಇರುವುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದರ ಮೇಲ್ಮೈಯಲ್ಲಿ ಬೇರೆ ಬಟ್ಟೆಯಿಂದ ಹೂವನ್ನು ಕತ್ತರಿಸಿ, ಅಂಚನ್ನು ಒಳಕ್ಕೆ ಮಡಿಸಿ, ಕೈಹೊಲಿಗೆಯಿಂದ ಹಚ್ಚುವ ಕೆಲಸವೊಂದುಂಟಷ್ಟೆ. ಇಂಗ್ಲಿಷರು ಇದಕ್ಕೆ ಫ್ರೆಂಚರಿಂದ ಎರವು ತಂದು ಆಪ್ಲಿಕ್ ಎಂಬ ಹೆಸರಿಟ್ಟಿದ್ದಾರೆ. ಈ ಕೆಲಸದಲ್ಲಿ ತೊಡಗುವವರು ಸಾಮಾನ್ಯವಾಗಿ ಮೊದಲು ಯಾವುದಾದರೊಂದು ಚಿತ್ರದ ಹೂವನ್ನು ಮೆಚ್ಚಿಕೊಂಡು, ಅನಂತರ ಅದಕ್ಕೆ ತಕ್ಕ ಬಣ್ಣದ ಬಟ್ಟೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವು ತಲೆಕೆಳಗಾದುದು. ಮನೆಯ ಪೆಟ್ಟಿಗೆಯಲ್ಲಿರುವ ಬಟ್ಟೆಯನ್ನು ಮೊದಲು ನೋಡಬೇಕು. ಅದರಲ್ಲಿ ಗಟ್ಟಿಯಾಗಿ ಉಳಿದಿರುವ ಭಾಗವೆಷ್ಟು, ಯಾವ ಆಕಾರದ್ದು ಎಂಬುದನ್ನು ಅಳೆದು, ಅಷ್ಟರಲ್ಲಿ ಯಾವ ಹೂವು ಅರಳೀತೆಂದು ಆಮೇಲೆ ನಿಶ್ಚಯಿಸಬೇಕು. ಹೀಗೆ ಹೇಳುವುದಕ್ಕೆ ಕಾರಣಗಳಿವೆ.

ಸಂಸ್ಕೃತದಲ್ಲಿ ಈ ಬಗೆಯ ಹೊದಿಕೆಯು ಕಂಥಾ ಎನಿಸಿಕೊಳ್ಳುತ್ತದೆ. ಬಂಗಾಳದ ಕಾಂಥಾ ಹೊಲಿಗೆಯ ಹೆಸರೂ ಅದೇ. ಅಮರಸಿಂಹನು ತನ್ನ ಕೋಶದಲ್ಲಿ ಜೀರ್ಣವಾದ ವಸ್ತ್ರಕ್ಕೆ ಪಟಚ್ಚರವೆಂಬ ಪ್ರತ್ಯೇಕವಾದ ಶಬ್ದವನ್ನೂ ಚಿಂದಿಗೆ ಕರ್ಪಟವೆಂಬ ಶಬ್ದವನ್ನೂ ಕೊಟ್ಟಿದ್ದಾನೆ. ಹಿಂದಿಯ ಕಪಡಾ ಎಂಬುದು ಈ ಕರ್ಪಟದಿಂದಲೇ ಬಂದುದು. ಚಿಂದಿಯ ಹೆಸರು ಕ್ರಮೇಣ ಸಕಲ ವಸ್ತ್ರಗಳ ಹೆಸರಾಯಿತೆಂಬುದು ವಿನೋದವಾದ ಸಂಗತಿ. ವಾತ್ಸ್ಯಾಯನನು ಎಣಿಸಿರುವ 64 ಕಲೆಗಳಲ್ಲಿ ಸೂಜಿಯ ಕೆಲಸವೂ ಒಂದು. 13ನೆಯ ಶತಮಾನದ ವ್ಯಾಖ್ಯಾನಕಾರನಾದ ಯಶೋಧರನು ಈ ಕಲೆಯನ್ನು ಮೂರಾಗಿ ವಿಂಗಡಿಸುತ್ತಾನೆ: ಕುಪ್ಪಸ ಮೊದಲಾದುವನ್ನು ಹೊಲಿಯುವುದು ಮೊದಲನೆಯದು, ಹರಿದ ಬಟ್ಟೆಯನ್ನು ಸರಿಪಡಿಸುವುದು ಎರಡನೆಯದು, ಹಾಸುಗೆ, ಹೊದಿಕೆ ಮೊದಲಾದುವನ್ನು ರಚಿಸುವುದು ಮೂರನೆಯದು. ಬಟ್ಟೆಯ ಹೂವು ಈ ಎರಡನೆಯ ಮತ್ತು ಮೂರನೆಯ ಕೆಲಸಗಳ ನಡುವೆ ಹುಟ್ಟಿತೆಂದು ನಾನು ಊಹಿಸುತ್ತೇನೆ. ಹರಿದ ಸ್ಥಳದ ಮೇಲೆ ಹೇಗೂ ತೇಪೆಯೊಂದು ಬೀಳಲೇಬೇಕು; ಅದನ್ನು ಚೌಕವಾಗಿ ಬಿಡದೆ ದುಂಡಗೆ ಕತ್ತರಿಸಿ, ಸುತ್ತಲೂ ನಾಲ್ಕು ಎಸಳುಗಳನ್ನಿರಿಸಿದವಳು ಯಾವ ಊರಿನವಳೋ ಯಾವ ಕಾಲದವಳೋ! ಅವಳಿಗೆ ಬಟ್ಟೆಯ ಕೊರತೆಯಿತ್ತೆಂಬುದು ಮಾತ್ರ ನಿಶ್ಚಯ.

ಈ ಮಾತಿಗೆ ದೂರದ ದೇಶದ ಒಂದು ನಿದರ್ಶನವುಂಟು. 17 ಮತ್ತು 18ನೆಯ ಶತಮಾನಗಳಲ್ಲಿ ನಮ್ಮ ಪೂರ್ವದ ಕೋರಮಂಡಲ ತೀರದಿಂದ ಕೈಯಿಂದ ಬರೆದು ಬಣ್ಣಹಾಕಿದ ಹತ್ತಿಯ ಬಟ್ಟೆಗಳು ಹಡಗುಗಳಲ್ಲಿ ಯೂರೋಪಿಗೆ ಹೋಗುತ್ತಿದ್ದುವು. ನಾವು ಚೀಟಿಬಟ್ಟೆಯೆಂದು ಕರೆಯುವ ಜಾತಿಯೇ ಅದು. ಒಗೆದರೂ ಮಾಸದ ಆ ಬಣ್ಣಗಳಿಗೆ ಅಲ್ಲಿನ ಜನರು ಮರುಳಾದರು; ಅಲ್ಲಿನ ನೇಕಾರರು ಕಂಗೆಟ್ಟರು. ಫ್ರಾನ್ಸಿನಲ್ಲಿ 1686ರಿಂದ 1759ರವರೆಗೆ ಇಂಥ ಬಟ್ಟೆಗೆ ನಿಷೇಧವಿತ್ತು. ಇಂಗ್ಲೆಂಡಿನಲ್ಲಿ 1721ರಲ್ಲಿ ಪಾರ್ಲಿಮೆಂಟು ಇದನ್ನು ಉಡಬಾರದೆಂದು ಶಾಸನ ಮಾಡಿ, 1774ರಲ್ಲಿ ಹಿಂತೆಗೆದುಕೊಂಡಿತು. ದುಬಾರಿಯಾದ ಇಂಥ ಬಟ್ಟೆಯ ತುಂಡೊಂದು ಕೈಗೆ ಸಿಕ್ಕಿದರೆ ಅಲ್ಲಿನ ಹೆಂಗಸರು ಅದರಲ್ಲಿದ್ದ ಹೂಗಳನ್ನೂ ಹಕ್ಕಿಗಳನ್ನೂ ಒಂದೊಂದಾಗಿ ಕತ್ತರಿಸಿ, ಅಗಲವಾದ ಬಿಳಿಯ ಬಟ್ಟೆಯ ಮೇಲೆ ದೂರದೂರವಾಗಿ ಹಚ್ಚಿ ಹೊದಿಕೆ ಮಾಡಿಕೊಳ್ಳುತ್ತಿದ್ದರು. ಗಜದ ಬಟ್ಟೆಯಿಂದ ಮಂಚ ತುಂಬುವಷ್ಟು ಹೂದೋಟವಾಗುತ್ತಿತ್ತು. ಆ ಕೆಲಸಕ್ಕೆ ಮುಂದೆ 'ಪಾರಸಿಯ ಕಸೂತಿ' ಎಂಬರ್ಥದ ಫ್ರೆಂಚ್ ಹೆಸರು ಬಂದಿತು. ಪಾರಸಿಗೂ ಅದಕ್ಕೂ ಏನು ಸಂಬಂಧವೋ! ಹೂವು ನಮ್ಮ ಕಡಲ ಕರೆಯದು.

ಇನ್ನು ಬಟ್ಟೆಯ ಆಯ್ಕೆಗೆ ಬರೋಣ. ಕೆಲಸದ ಮುಕ್ಕಾಲು ಪಾಲು ಇಲ್ಲಿಯೇ ಇದೆ.

ಹಳೆಯ ಸೀರೆಯು ಎಲ್ಲ ಕಡೆಯಲ್ಲೂ ಒಂದೇ ಸಮನಾಗಿ ಸವೆಯುವುದಿಲ್ಲ. ಹಿಮ್ಮಡಿಗೆ ತಗಲುವ ಅಂಚು, ಕುಳಿತೆದ್ದು ಉಜ್ಜುವ ಭಾಗ, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ಗೆರೆ, ಇವು ಮೊದಲು ಸೋಲುತ್ತವೆ. ಉಟ್ಟಾಗ ಒಳಸುತ್ತಿನಲ್ಲಿ ಮರೆಯಾಗಿರುವ ಭಾಗವು ಬಹುಕಾಲ ಗಟ್ಟಿಯಾಗಿರುತ್ತದೆ. ಸೀರೆಯನ್ನು ಹಗಲಿನ ಬೆಳಕಿಗೆ ಎದುರಾಗಿ ಹಿಡಿದರೆ ಎಳೆ ತೆಳುವಾದ ಸ್ಥಳಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಸಂದೇಹವಿದ್ದ ಕಡೆ ಎರಡು ಕೈಗಳ ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಜಗ್ಗಿ ನೋಡಬೇಕು. ಎಳೆಗಳು ಸರಿದು ಕಿಂಡಿ ಬಿದ್ದಿತೆಂದರೆ ಆ ಭಾಗವು ಬೊಂತೆಯ ಒಳಪದರಕ್ಕೆ ಆದೀತೇ ಹೊರತು ಹೂವಿಗೆ ಆಗದು. ಗಟ್ಟಿಯಾದ ಭಾಗಗಳ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆಯೆಳೆದುಕೊಂಡರೆ, ನಮಗಿರುವ ಆಸ್ತಿಯೆಷ್ಟೆಂಬುದು ಕಣ್ಣಿಗೆ ಕಟ್ಟುತ್ತದೆ.

ಹೂವಿಗೂ ಅದು ಕೂರುವ ನೆಲಕ್ಕೂ ಒಂದೇ ವಯಸ್ಸು, ಒಂದೇ ತೂಕ ಇರುವುದು ಲೇಸು. ಹೊಚ್ಚ ಹೊಸ ಬಟ್ಟೆಯ ಮೇಲೆ ಸವೆದ ಬಟ್ಟೆಯ ಹೂವನ್ನು ಹಚ್ಚಿದರೆ ನಾಲ್ಕು ಒಗೆತಕ್ಕೆ ಹೂವು ಬಾಡುತ್ತದೆ. ಸವೆದ ನೆಲದ ಮೇಲೆ ಗಡುಸಾದ ಹೊಸ ಬಟ್ಟೆಯ ಹೂವನ್ನು ಕೂರಿಸಿದರೆ ಅದರ ಅಂಚು ನೆಲವನ್ನೇ ಕತ್ತರಿಸುತ್ತದೆ. ಸವೆದುದನ್ನೇ ಹೂವಾಗಿ ಉಳಿಸಬೇಕೆಂಬ ಹಂಬಲವಿದ್ದರೆ ಅದಕ್ಕೂ ಉಪಾಯವುಂಟು: ಕತ್ತರಿಸುವ ಮೊದಲೇ ಆ ತುಂಡಿನ ಬೆನ್ನಿಗೆ ತೆಳುವಾದ ಮಲ್ಲು ಬಟ್ಟೆಯನ್ನಿರಿಸಿ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆಯೆಂದು ಭಾವಿಸಿ ಕತ್ತರಿಸತಕ್ಕದ್ದು.

ಹತ್ತಿಗೆ ಸಮನಾದುದು ಈ ಕೆಲಸಕ್ಕೆ ಬೇರೊಂದಿಲ್ಲ. ಉಗುರಿನಿಂದ ಒತ್ತಿದರೆ ಮಡಿಕೆಯು ನಿಲ್ಲುತ್ತದೆ, ಸೂಜಿಯು ಸುಲಭವಾಗಿ ನುಗ್ಗುತ್ತದೆ, ಎರಡು ಹತ್ತಿಬಟ್ಟೆಗಳು ಒಂದನ್ನೊಂದು ಕಚ್ಚಿಕೊಂಡು ಜಾರದೆ ಕೂರುತ್ತವೆ. ಈ ಕಾಲದ ಪೆಟ್ಟಿಗೆಗಳಲ್ಲಿ ಪಾಲಿಯೆಸ್ಟರಿನ ಸೀರೆಗಳೇ ಅಧಿಕ. ಅವು ಸವೆಯುವುದಿಲ್ಲವೆಂಬುದು ನಿಜ. ಆದರೆ ಮಡಿಕೆಯನ್ನು ನಿಲ್ಲಗೊಡುವುದಿಲ್ಲ, ಬೆವರನ್ನು ಹೀರುವುದಿಲ್ಲ, ಬಿಸಿ ಇಸ್ತ್ರಿಯ ಕೆಳಗೆ ಕರಗುತ್ತವೆ. ಕಣ್ಣಿಗೆ ಹತ್ತಿಯಂತೆಯೇ ತೋರುವ ಬೆರಕೆ ಬಟ್ಟೆಗಳೂ ಉಂಟಾದುದರಿಂದ, ಅಂಚಿನಿಂದ ಎರಡೆಳೆಗಳನ್ನು ಕಿತ್ತು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಹತ್ತಿಯಾದರೆ ಕಾಗದದಂತೆ ಉರಿದು ಹಗುರವಾದ ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಮುದುರಿ ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುತ್ತದೆ. ರೇಷ್ಮೆಯ ವಿಚಾರದಲ್ಲಿ ನಾನು ಕೊಂಚ ಹಿಂಜರಿಯುತ್ತೇನೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ಊರುಗಳಲ್ಲಿ ರೇಷ್ಮೆ ಸೀರೆಯನ್ನು ನೇಯುವವರಿರುವುದರಿಂದ ನಮ್ಮ ಸೀಮೆಗೆ ಅದು ಅಪರೂಪವೇನಲ್ಲ. ಆದರೆ ಮುಪ್ಪಾದ ರೇಷ್ಮೆಯು ಮಡಿಕೆಯ ಗೆರೆಯಲ್ಲಿ ಪಟಪಟನೆ ಸೀಳುತ್ತದೆ. ಅದರ ಜರಿಯು ಮಲಗಿದವರ ಕೆನ್ನೆಯನ್ನು ಚುಚ್ಚುತ್ತದೆ. ಗೋಡೆಗೆ ತೂಗಹಾಕುವ ಪಟಕ್ಕಾದರೆ ರೇಷ್ಮೆಯ ಹೂವು ಸೊಗಸು. ಮಗುವು ಹೊದ್ದು ಮಲಗುವ ಬೊಂತೆಗೆ ಬೇಡ.

ಬಣ್ಣದ ಪರೀಕ್ಷೆಯನ್ನು ಮಾತ್ರ ಯಾರೂ ಉದಾಸೀನ ಮಾಡಬಾರದು. ಕೆಂಪು, ನೀಲಿ, ಕಪ್ಪು ಈ ಮೂರೂ ಬಿಡುವ ಸ್ವಭಾವದವು. ಬಟ್ಟೆಯ ಒಂದು ಮೂಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿಯ ಬಟ್ಟೆಯ ಮೇಲಿಟ್ಟು ಒತ್ತಿದರೆ ಕಲೆ ಬಿದ್ದೀತೋ ಇಲ್ಲವೋ ಎಂಬುದು ಒಡನೆಯೇ ಗೊತ್ತಾಗುತ್ತದೆ. ಬಣ್ಣ ಬಿಡುವ ಬಟ್ಟೆಯನ್ನು ನೀರು ತಿಳಿಯಾಗುವ ತನಕ ಮತ್ತೆಮತ್ತೆ ಒಗೆಯಬೇಕು. ಆಗಲೂ ನಿಲ್ಲದಿದ್ದರೆ ಕೈಬಿಡಬೇಕು. ಹೂವಿನ ಬಟ್ಟೆ, ನೆಲದ ಬಟ್ಟೆ, ಒಳಪದರ ಎಲ್ಲವನ್ನೂ ಕತ್ತರಿಗೆ ಮೊದಲೇ ಒಗೆದು ಒಣಗಿಸತಕ್ಕದ್ದು. ಹೊಸ ಕೈಮಗ್ಗದ ಬಟ್ಟೆಯು ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹೊಲಿದ ಮೇಲೆ ಅದು ಕುಗ್ಗಿತೆಂದರೆ ಹೂವಿನ ಸುತ್ತಲೂ ಸುಕ್ಕು ಬೀಳುವುದನ್ನು ಯಾರೂ ತಪ್ಪಿಸಲಾರರು. ಒಗೆದ ಮೇಲೆ ಹೂವಿನ ತುಂಡುಗಳಿಗೆ ತೆಳುವಾದ ಅನ್ನದ ಗಂಜಿಯನ್ನು ಹಾಕಿ ಇಸ್ತ್ರಿ ಮಾಡಿದರೆ ಕತ್ತರಿಸುವುದಕ್ಕೂ ಮಡಿಸುವುದಕ್ಕೂ ಹಿತವಾಗಿರುತ್ತದೆ. ಆದರೆ ಕೆಲಸ ಮುಗಿದೊಡನೆ ಆ ಗಂಜಿಯನ್ನು ತೊಳೆದುಬಿಡಬೇಕು. ಇಲ್ಲವಾದರೆ ಜಿರಲೆಗೂ ಬೆಳ್ಳಿಹುಳುವಿಗೂ ಔತಣವಾಗುತ್ತದೆ.

ಬಣ್ಣಗಳ ಹೊಂದಾಣಿಕೆಯನ್ನು ಕುರಿತು ಪುಸ್ತಕಗಳು ಬಹಳ ಹೇಳುತ್ತವೆ. ನಾನು ಒಂದನ್ನೇ ಹೇಳುತ್ತೇನೆ: ಹೂವಿನ ತುಂಡನ್ನು ನೆಲದ ಮೇಲಿರಿಸಿ ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣನ್ನು ಅರೆಮುಚ್ಚಿ ನೋಡಬೇಕು. ಹೂವು ಕಂಡರೆ ಸರಿ. ಕರಗಿಹೋದರೆ ಬೇರೆ ತುಂಡನ್ನು ಆರಿಸಬೇಕು.

ಈಗ ಯಾವ ಹೂವು? ಮಾದರಿ ಪುಸ್ತಕಗಳಲ್ಲೆಲ್ಲ ಸೀಮೆಯ ಗುಲಾಬಿಯೇ ಮೆರೆಯುತ್ತದೆ. ಒಂದರೊಳಗೊಂದು ಸುತ್ತಿಕೊಂಡ ಅದರ ಎಸಳುಗಳನ್ನು ಬಟ್ಟೆಯಲ್ಲಿ ತರಲು ಹತ್ತಾರು ಚೂರುಗಳು ಬೇಕು. ಚೂರು ಹೆಚ್ಚಿದಷ್ಟೂ ಹೊಲಿಗೆ ಹೆಚ್ಚು, ದಪ್ಪ ಹೆಚ್ಚು, ಮುಂದೆ ಬಿಚ್ಚಿಕೊಳ್ಳುವ ಸ್ಥಳಗಳೂ ಹೆಚ್ಚು. ನಮ್ಮ ಹಿತ್ತಲಿನ ಹೂಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನಂದಿಬಟ್ಟಲಿಗೆ ಐದೇ ಎಸಳು. ಗಾಳಿಗಿರಕಿಯಂತೆ ಒಂದೇ ಕಡೆಗೆ ವಾಲಿದ ಆ ಎಸಳುಗಳನ್ನು ಒಂದೇ ತುಂಡಿನಲ್ಲಿ ಕತ್ತರಿಸಬಹುದು. ಒಂಟಿಸುತ್ತಿನ ದಾಸವಾಳವೂ ಹಾಗೆಯೇ. ಅಂಗೈಯಗಲದ ಕೆಂಪು ಬಟ್ಟೆಯಿದ್ದರೆ ಸಾಕು. ಕಮಲಕ್ಕೆ ಎಸಳುಗಳು ಹೆಚ್ಚಾದರೂ ಅವು ನೇರವಾದುವು, ದೊಡ್ಡವು. ಕೈ ಪಳಗದವರಿಗೂ ಒಲಿಯುತ್ತವೆ. ನಮ್ಮ ಬರಡು ಬಯಲುಗಳಲ್ಲಿ ಯಾರೂ ನೀರೆರೆಯದೆ ಹಳದಿಯಾಗಿ ಅರಳುವ ತಂಗಡಿಯ, ಎಂದರೆ ಆವರಿಕೆಯ, ಹೂವನ್ನು ಯಾವ ಮಾದರಿ ಪುಸ್ತಕದಲ್ಲೂ ನಾನು ಕಂಡಿಲ್ಲ. ಆದರೆ ಅರಿಸಿನದ ಬಣ್ಣದ ಚೂರುಗಳು ಮನೆಯಲ್ಲಿದ್ದರೆ ಅದಕ್ಕಿಂತ ಚೆಲುವಾದುದು ಬೇರೆಯಿಲ್ಲ. ತುಂಬೆ, ಪಾರಿಜಾತಗಳಂಥ ಸಣ್ಣ ಹೂಗಳನ್ನು ಅವುಗಳ ಅಳತೆಯಲ್ಲಿಯೇ ಮಾಡಹೊರಡಬಾರದು. ತೀರ ಕಿರಿದಾದ ಎಸಳಿನಲ್ಲಿ ಒಳಕ್ಕೆ ಮಡಿಸಿದ ಅಂಚುಗಳೇ ಒಂದಕ್ಕೊಂದು ತಾಗಿ ಗಂಟಾಗುತ್ತವೆ.

ಮಧುಗಿರಿಯಲ್ಲಿ ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ತಾಯಿ ತೀರಿಕೊಂಡ ಮೇಲೆ ಆಕೆಯ ಪೆಟ್ಟಿಗೆಯಲ್ಲಿ ಬೆಲೆಬಾಳುವುದೇನೂ ಉಳಿದಿರಲಿಲ್ಲ. ಹಬ್ಬಹರಿದಿನಗಳಲ್ಲಿ ಆಕೆ ಉಡುತ್ತಿದ್ದ ಹದಿನಾರು ಮೊಳದ ಕೆಂಪು ನೂಲಿನ ಸೀರೆಯೊಂದಿತ್ತು. ಅದಕ್ಕೆ ಹಳದಿಯ ಅಂಚು. ಹಿರಿಯವಳು ಅದನ್ನು ಹಾಗೆಯೇ ಮಡಿಸಿ ತನ್ನ ಮನೆಗೆ ಒಯ್ದಳು. ಕಿರಿಯವಳು ತನಗೂ ಅದರಲ್ಲೊಂದು ಪಾಲು ಬೇಕೆಂದಳು. ನಡುವಿನವಳು ಯಾರ ಕಡೆಗೂ ಮಾತನಾಡಲಿಲ್ಲ. ಒಡವೆಯಾಗಿದ್ದರೆ ತೂಕಕ್ಕೆ ಹಾಕಿ ಹಂಚಬಹುದಾಗಿತ್ತು, ಸೀರೆಯನ್ನು ಹಂಚುವುದೆಂತು? ಇದೇ ಕಾರಣದಿಂದ ಒಂದು ಗೌರಿಹಬ್ಬದಲ್ಲಿ ಅಕ್ಕತಂಗಿಯರು ಒಟ್ಟಿಗೆ ಕೂರಲಿಲ್ಲವೆಂಬುದೂ ನನಗೆ ಗೊತ್ತು. ಎರಡು ವರ್ಷಗಳ ಮೇಲೆ ಹಿರಿಯವಳು ಪೆಟ್ಟಿಗೆ ತೆರೆದಾಗ ಸೀರೆಯು ಮಡಿಕೆಗಳ ಉದ್ದಕ್ಕೂ ಬಿರಿದಿತ್ತು. ತಂಗಿಯರನ್ನು ಕರೆಸಿದಳು. ಆಗಲೂ ಕತ್ತರಿಯ ಮಾತೆತ್ತಿದರೆ, "ಅಮ್ಮನ ಮೈಮೇಲಿದ್ದುದನ್ನು ಹೇಗೆ ಕತ್ತರಿಸಲಿ?" ಎಂದು ಕಣ್ಣೀರಿಟ್ಟಳು. ಕಿರಿಯವಳು, "ಇನ್ನೆರಡು ಮಳೆಗಾಲ ಪೆಟ್ಟಿಗೆಯಲ್ಲಿದ್ದರೆ ಕತ್ತರಿಸಲಿಕ್ಕೂ ಏನೂ ಉಳಿಯುವುದಿಲ್ಲ, ಅಕ್ಕಾ" ಎಂದಳಂತೆ.

ಕೊನೆಗೆ ಮೂವರೂ ಕೂಡಿ ಸೀರೆಯನ್ನು ಬೆಳಕಿಗೆ ಹಿಡಿದು ಗುರುತು ಹಾಕಿದರು. ಹದಿನಾರು ಮೊಳದಲ್ಲಿ ಅಂಗೈಯಗಲದ ಗಟ್ಟಿ ಸ್ಥಳಗಳು ಸಿಕ್ಕಿದ್ದು ಹದಿನೇಳು. ಬೊಂತೆಗೆ ಒಂದು ಮೇಲ್ಹೊದಿಕೆಯಾಗುವಷ್ಟು ಅಖಂಡವಾದ ಭಾಗವು ಎಲ್ಲಿಯೂ ಇರಲಿಲ್ಲ. ಹದಿನೈದು ದಾಸವಾಳಗಳಾದುವು, ತಲೆಗೆ ಐದು. ಹಳದಿಯ ಅಂಚು ಆ ಹೂಗಳ ನಡುವಣ ಬೊಟ್ಟುಗಳಿಗೆ ಸರಿಹೋಯಿತು. ಉಳಿದೆರಡು ತುಂಡುಗಳನ್ನು ಮುಂದೆ ಯಾವುದಾದರೂ ಹೂವು ಸವೆದರೆ ದುರಸ್ತಿಗೆ ಬೇಕಾದೀತೆಂದು ಎತ್ತಿಟ್ಟಿದ್ದಾರೆ. ಇದು ವಿವೇಕವಾದ ಕೆಲಸ. ಹಿರಿಯವಳ ಬೊಂತೆಯನ್ನು ಈಗ ಅವಳ ಮೊಮ್ಮಗು ಹೊದೆಯುತ್ತದೆ. ನಡುವಿನವಳ ಐದು ಹೂಗಳು ಇನ್ನೂ ಕಾಗದದ ಪೊಟ್ಟಣದಲ್ಲಿಯೇ ಇವೆ. ಅವಳಿಗೆ ನೆಲದ ಬಟ್ಟೆ ಯಾವುದೂ ಒಪ್ಪಿಗೆಯಾಗುತ್ತಿಲ್ಲ. ಸ್ಟೀಲು ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಬಂದು ಹಳೆಯ ಸೀರೆಗಳನ್ನು ಕೊಂಡೊಯ್ಯುವವರಿಗೆ ಗಂಟುಗಟ್ಟಲೆ ಬಟ್ಟೆ ಕೊಟ್ಟು ಒಂದು ಲೋಟ ತೆಗೆದುಕೊಳ್ಳುವ ಮೊದಲು, ನಮ್ಮ ಮನೆಗಳಲ್ಲಿ ಆ ಗಂಟನ್ನೊಮ್ಮೆ ಬಿಚ್ಚಿ ಬೆಳಕಿಗೆ ಹಿಡಿಯುವುದು ಒಳ್ಳೆಯದೆಂದು ಇಲ್ಲಿ ಪ್ರಾಸಂಗಿಕವಾಗಿ ಹೇಳಬಯಸುತ್ತೇನೆ.

ಹೊಲಿಯುವ ಕ್ರಮವನ್ನು ಈಗ ಬಲ್ಲವರಿಂದ ನಾನು ಕಂಡು ಕೇಳಿ ತಿಳಿದಂತೆ ವಿವರಿಸುತ್ತೇನೆ. ಹೂವಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು, ಬಟ್ಟೆಯ ಮೇಲುಮುಖದಲ್ಲಿ ಇರಿಸಿ, ಸುತ್ತಲೂ ಸೀಸದ ಕಡ್ಡಿಯಿಂದ ತೆಳುವಾಗಿ ಗೆರೆಯೆಳೆಯಬೇಕು. ಗೆರೆಯಿಂದ ಹೊರಕ್ಕೆ ಕಾಲಂಗುಲಕ್ಕೆ ಒಂದು ವೀಸ ಕಡಿಮೆಯಾಗಿ, ಎಂದರೆ ಅಂಗುಲದಲ್ಲಿ ಮೂರು ವೀಸದಷ್ಟು, ಬಟ್ಟೆಯನ್ನು ಬಿಟ್ಟು ಕತ್ತರಿಸತಕ್ಕದ್ದು. ಹೆಚ್ಚಾದರೆ ಒಳಗೆ ಮುದುರಿಕೊಳ್ಳುತ್ತದೆ. ಕಡಿಮೆಯಾದರೆ ಎಳೆ ಬಿಚ್ಚಿ ಹೊರಗೆ ಇಣುಕುತ್ತದೆ. ಹಾಸೆಳೆ ಹೊಕ್ಕೆಳೆಗಳ ದಿಕ್ಕು ಹೂವಿನಲ್ಲಿಯೂ ನೆಲದಲ್ಲಿಯೂ ಒಂದೇ ಆಗಿದ್ದರೆ ಒಗೆದಾಗ ಎರಡೂ ಒಂದೇ ಕಡೆಗೆ ಎಳೆಯುತ್ತವೆ. ಬಾಗಿ ಬಳುಕಬೇಕಾದ ತೊಟ್ಟು ಬಳ್ಳಿಗಳನ್ನು ಮಾತ್ರ ಎಳೆಗಳಿಗೆ ಓರೆಯಾಗಿ ಕತ್ತರಿಸಬೇಕು; ಓರೆಯ ಪಟ್ಟಿಯು ಸುಕ್ಕಿಲ್ಲದೆ ಬಾಗುತ್ತದೆ. ನೆಲದ ಬಟ್ಟೆಯನ್ನು ಬೇಕಾದ ಅಳತೆಗಿಂತ ನಾಲ್ಕೂ ಕಡೆ ಒಂದೊಂದಂಗುಲ ಹೆಚ್ಚಾಗಿಯೇ ಇಟ್ಟುಕೊಳ್ಳುವುದು ಜಾಣತನ. ಹೂಗಳನ್ನು ಹಚ್ಚುತ್ತ ಹೋದಂತೆ ಅದು ಕೊಂಚ ಕೊಂಚವಾಗಿ ಒಳಕ್ಕೆ ಸೆಳೆದುಕೊಳ್ಳುತ್ತದೆ.

ಯಾವುದು ಕೆಳಗೋ ಅದು ಮೊದಲು. ತೊಟ್ಟು, ಅನಂತರ ಎಲೆ, ಅನಂತರ ಎಸಳು, ಕಟ್ಟಕಡೆಗೆ ನಡುವಣ ಬೊಟ್ಟು. ಎಸಳಿನ ಕೆಳಗೆ ಅಡಗುವ ತೊಟ್ಟಿನ ತುದಿಯನ್ನು ಮಡಿಸಬೇಕಾಗಿಲ್ಲ.

ಸೂಜಿಯು ಸಣ್ಣದಾಗಿರಬೇಕು. ಸೂಜಿಗಳ ಸಂಖ್ಯೆ ಹೆಚ್ಚಿದಂತೆ ಅವು ತೆಳುವಾಗುತ್ತವೆಯಾದುದರಿಂದ 10 ಅಥವಾ 11ನೆಯ ಸಂಖ್ಯೆಯದು ಯೋಗ್ಯ. ದಾರದ ಬಣ್ಣವು ಹೂವಿನ ಬಣ್ಣವಾಗಿರಬೇಕು, ನೆಲದ ಬಣ್ಣವಾಗಬಾರದು. ಇದನ್ನು ಮರೆತವರ ಹೂಗಳಿಗೆ ಹಲ್ಲುಗಳು ಮೂಡಿದಂತೆ ಕಾಣುತ್ತವೆ. ಒಂದೆಳೆಯ ದಾರವನ್ನು ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ, ಒಂದು ಮೊಳದಷ್ಟು ಮಾತ್ರ ಕತ್ತರಿಸಿಕೊಳ್ಳಬೇಕು. ಉದ್ದ ಹೆಚ್ಚಾದರೆ ಬಟ್ಟೆಯೊಳಗೆ ಮತ್ತೆಮತ್ತೆ ಉಜ್ಜಿ ದಾರವು ನವೆಯುತ್ತದೆ, ಗಂಟು ಬೀಳುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಇನ್ನೂ ಒಳ್ಳೆಯದು.

ಎಸಳಿನ ತುದಿಯಿಂದ ಹೊಲಿಗೆಯನ್ನು ಎಂದಿಗೂ ಆರಂಭಿಸಬಾರದು. ಪಕ್ಕದ ನಿಧಾನವಾದ ಬಾಗಿನಲ್ಲಿ, ಗಂಟು ಮಡಿಕೆಯೊಳಗೆ ಅಡಗುವಂತೆ ಸೂಜಿಯನ್ನು ಒಳಗಿನಿಂದ ಮಡಿಕೆಯ ಅಂಚಿಗೆ ತರಬೇಕು. ತಂದೊಡನೆ ಅದೇ ಸ್ಥಳದಲ್ಲಿ, ಅಂಚಿನ ಕೆಳಕ್ಕೆ ಸೇರುವಂತೆ ನೆಲದ ಬಟ್ಟೆಯೊಳಕ್ಕೆ ಇಳಿಸಿ, ಅಡಿಯಲ್ಲಿ ಒಂದೂವರೆ ವೀಸದಷ್ಟು ದೂರ ಸಾಗಿಸಿ, ಮೇಲಕ್ಕೆತ್ತುವಾಗ ಮಡಿಕೆಯ ಒಂದೆರಡು ಎಳೆಗಳನ್ನು ಮಾತ್ರ ಕಚ್ಚಿಸಬೇಕು. ಹೊಲಿಗೆಯ ನಡೆಯೆಲ್ಲ ಅಡಿಯಲ್ಲಿರುತ್ತದೆ. ಮೇಲೆ ಕಾಣತಕ್ಕದ್ದು ಚುಕ್ಕೆಯಷ್ಟೆ. ಮುಂದಿನ ಅಂಗುಲದ ಅಂಚನ್ನು ಸೂಜಿಯ ಮೊನೆಯಿಂದಲೇ ಗೆರೆಯವರೆಗೆ ಒಳಕ್ಕೆ ತಳ್ಳಿ, ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಳ್ಳುತ್ತ ಸಾಗಬೇಕು. ಇಡೀ ಹೂವಿನ ಅಂಚನ್ನು ಮೊದಲೇ ಮಡಿಸಿಟ್ಟುಕೊಳ್ಳುವವರೂ ಇದ್ದಾರೆ. ಪಳಗಿದವರು ಹಾಗೆ ಮಾಡುವುದಿಲ್ಲ. ದಾರವನ್ನು ಬಿಗಿಯಾಗಿ ಎಳೆದರೆ ನೆಲವು ನೆರಿಗೆಗಟ್ಟುತ್ತದೆ. ಸಡಿಲ ಬಿಟ್ಟರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ಹೊರಕ್ಕೆ ಉಬ್ಬಿದ ಬಾಗಿಗೆ ಕತ್ತರಿ ಬೇಡ. ಎರಡು ಎಸಳುಗಳು ಕೂಡುವ ಒಳಮೂಲೆಗೆ ಮಾತ್ರ ಗೆರೆಯವರೆಗೆ ಒಂದೇ ಒಂದು ಸೀಳು ಕೊಟ್ಟು, ಅಲ್ಲಿ ಬಟ್ಟೆಯು ದುರ್ಬಲವಾಗಿರುವುದರಿಂದ ನಾಲ್ಕಾರು ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕಬೇಕು. ಚೂಪಾದ ತುದಿಯೇ ಎಲ್ಲಕ್ಕಿಂತ ಕಷ್ಟವಾದುದು. ತುದಿಯವರೆಗೆ ಹೊಲಿದು, ಅಲ್ಲಿ ಇನ್ನೊಂದು ಹೊಲಿಗೆಯನ್ನು ಅಧಿಕವಾಗಿ ಹಾಕಿ, ಒಳಗೆ ಕಿವಿಯಂತೆ ಚಾಚಿಕೊಂಡ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆದು, ಆಮೇಲೆ ಇನ್ನೊಂದು ಪಕ್ಕವನ್ನು ಸೂಜಿಯಿಂದ ಒಳಕ್ಕೆ ಗುಡಿಸಬೇಕು. ನಡುವಣ ಬೊಟ್ಟಿಗೆ ಬೇರೆಯ ಉಪಾಯ: ದುಂಡಾದ ರಟ್ಟಿನ ಬಿಲ್ಲೆಯನ್ನು ಬಟ್ಟೆಯ ನಡುವೆಯಿಟ್ಟು, ಅಂಚಿನ ಸುತ್ತಲೂ ಸಾದಾ ಹೊಲಿಗೆ ಹಾಕಿ, ದಾರವನ್ನು ಜಗ್ಗಿದರೆ ಬಟ್ಟೆಯು ಸಂಚಿಯ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ. ಹಾಗೆಯೇ ಇಸ್ತ್ರಿ ಮಾಡಿ, ಬಿಲ್ಲೆಯನ್ನು ಹೊರಕ್ಕೆ ತೆಗೆದರೆ ಚಂದ್ರಬಿಂಬದಂಥ ಬೊಟ್ಟು ಸಿದ್ಧ.

ಹೂವು ಹಚ್ಚಿದ ಮೇಲ್ಹೊದಿಕೆಯನ್ನು ಹಳೆಯ ಸೀರೆಗಳ ಪದರದ ಮೇಲೆ ಹಾಸಿ ಬೊಂತೆಯಾಗಿ ಹೊಲಿಯುವಾಗ, ಹೂವಿನ ಅಂಚಿಗೆ ತಾಗದಂತೆ ಹೊರಗಡೆ ಸುತ್ತಲೂ ಒಂದು ಸಾಲು ಹೊಲಿಗೆಯನ್ನು ಓಡಿಸಬೇಕು. ಸುತ್ತಲಿನ ನೆಲವು ತಗ್ಗಿ, ಹೂವು ತಾನಾಗಿ ಮೇಲೆದ್ದು ಕಾಣುತ್ತದೆ.

ಇಷ್ಟು ಹೊತ್ತು ಹೇಳಿದುದು ಕತ್ತರಿಸಿ ಹಚ್ಚುವ ಹೂವಿನ ಮಾತು. ನಮ್ಮ ನಾಡಿನಲ್ಲಿಯೇ ಕತ್ತರಿಗಿಂತ ಮಡಿಕೆಯನ್ನು ನೆಚ್ಚಿದ ಇನ್ನೊಂದು ಬಗೆಯ ಹೂವಿದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡುಸೀಮೆಯಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕದವರು. ಬಹುಮಂದಿ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡನ್ನು ಸೇರಿದರು. 2003ರಲ್ಲಿ ಆ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರ ಹೆಂಗಸರ ಕೌದಿಯ ಕ್ರಮವೇ ಬೇರೆ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತಲೂ ಚೂರುಗಳನ್ನು ಹಚ್ಚುತ್ತ, ಸುತ್ತಿನಿಂದ ಸುತ್ತಿಗೆ ಒಳಕ್ಕೆ ಸಾಗಿ, ಕಡೆಗೆ ನಡುವಿನಲ್ಲಿ ಕೂಡುತ್ತಾರೆ. ಚೂರನ್ನು ಜೋಡಿಸುವ ಹೊಲಿಗೆಯೇ ಪದರಗಳನ್ನು ಬಂಧಿಸುವ ಹೊಲಿಗೆಯೂ ಆಗಿರುತ್ತದೆ; ಒಂದೇ ಸಲಕ್ಕೆ ಎರಡು ಕೆಲಸ. ದೊಡ್ಡ ಚೂರುಗಳ ಮೇಲೆ ಬಣ್ಣಬಣ್ಣದ ಪುಟ್ಟ ಚೂರುಗಳನ್ನು ಕೂರಿಸುತ್ತಾರೆ. ಇವಕ್ಕೆ ಟಿಕೆಲಿ ಎಂದು ಹೆಸರು. ಎಲ್ಲವೂ ಮುಗಿದ ಮೇಲೆ ನಾಲ್ಕು ಮೂಲೆಗಳಲ್ಲಿ ಫುಲಾ, ಎಂದರೆ ಹೂವನ್ನು, ಇಡುತ್ತಾರೆ. ಈ ಹೂವಿಲ್ಲದ ಕೌದಿಯು ಅವರ ಕಣ್ಣಿಗೆ ಅಪೂರ್ಣ, ಬೆತ್ತಲೆ ಎಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರರಾದ ಹೆನ್ರಿ ಜಾನ್ ಡ್ರೂಯಲ್ ಅವರು ಬರೆದಿದ್ದಾರೆ. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ಏರ್ಪಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೂ ನಡೆಯಿತು.

ಉಡುವುದಕ್ಕೆ ತಕ್ಕ ಬಟ್ಟೆಯೇ ಸಾಲದಿದ್ದ ಜನರು, ಮೈ ಬೆಚ್ಚಗಾಗುವುದಕ್ಕೆ ಯಾವ ವಿಧದಿಂದಲೂ ಒದಗದ ನಾಲ್ಕು ಹೂಗಳಿಗಾಗಿ ಚೂರುಗಳನ್ನು ಮೀಸಲಿಟ್ಟರೆಂಬುದನ್ನು ನಾನು ಹಲವು ಬಾರಿ ಯೋಚಿಸಿದ್ದೇನೆ. ಅದನ್ನು ಮಾಡುವ ಬಗೆಯೂ ಸರಳವಾಗಿದೆ. ನಾಲ್ಕು ಬೆರಳಗಲದ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಮತ್ತೊಮ್ಮೆ ಹಾಗೆಯೇ ಮಡಿಸಿದರೆ ಪುಟ್ಟ ತ್ರಿಕೋಣವಾಗುತ್ತದೆ. ಬೇರೆಬೇರೆ ಬಣ್ಣದ ಇಂಥ ತ್ರಿಕೋಣಗಳನ್ನು ದೊಡ್ಡದು ಕೆಳಗೆ ಚಿಕ್ಕದು ಮೇಲೆ ಬರುವಂತೆ ಪೇರಿಸಿ ಕೌದಿಯ ಮೂಲೆಗೆ ಭದ್ರವಾಗಿ ಹೊಲಿಯುವುದು. ಹೂವಿಗೆ ಅಂಗೈಯಗಲವೂ ಸಿಕ್ಕದಷ್ಟು ಬಟ್ಟೆ ಸೋತಿದ್ದಾಗ ಈ ಮಡಿಕೆಯ ಹೂವನ್ನು ನಮ್ಮ ಬೊಂತೆಯ ಮೂಲೆಗಳಿಗೂ ತರಬಹುದು. ಬಟ್ಟೆಯು ನಾಲ್ಕು ಮಡಿಯಾಗಿರುವುದರಿಂದ ಸವೆದ ಚೂರೂ ಬಹಳ ಕಾಲ ತಾಳುತ್ತದೆ.

ಹೂವು ಹಚ್ಚಿದ ಬೊಂತೆಯನ್ನು ಒಗೆಯುವ ಕಲ್ಲಿಗೆ ಬಡಿಯಬಾರದು. ಅಗಲವಾದ ತೊಟ್ಟಿಯಲ್ಲಿ ಸೀಗೆಪುಡಿಯನ್ನೋ ಸೌಮ್ಯವಾದ ಸಾಬೂನನ್ನೋ ಹಾಕಿ, ತಣ್ಣೀರಿನಲ್ಲಿ ನೆನೆಸಿ, ಕೈಯಿಂದ ಒತ್ತಿ ಒತ್ತಿ ಕೊಳೆ ತೆಗೆಯಬೇಕು. ಹಿಂಡದೆ ಚಪ್ಪಡಿಯ ಮೇಲೆ ಹಾಸಿ ನೀರು ಇಳಿಯಲು ಬಿಟ್ಟು, ಹೂವಿನ ಮುಖ ಕೆಳಗಾಗುವಂತೆ ನೆರಳಿನಲ್ಲಿ ಒಣಗಿಸಬೇಕು. ಪೆಟ್ಟಿಗೆಯಲ್ಲಿ ಬೇವಿನೆಲೆಯೊಡನೆ ಇಟ್ಟ ಬೊಂತೆಯನ್ನು ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಹೊರಗೆ ತೆಗೆದು ಗಾಳಿಗೆ ಹಾಕಿ, ಹಿಂದೆ ಮಡಿಸಿದ್ದ ಗೆರೆಗಳನ್ನು ಬಿಟ್ಟು ಬೇರೆ ಗೆರೆಗಳಲ್ಲಿ ಮಡಿಸಿಡತಕ್ಕದ್ದು.